ಸ್ವಇಚ್ಛಾ ಹೇಳಿಕೆ

ಕ್ರಿಮಿನಲ್ ಕೇಸಿನ ಕಡತವನ್ನು ನಾನು ಮೊದಲ ಪುಟದಿಂದ ಓದಿದ್ದು ಕಡಿಮೆ. ಮೇಲೆ ದೋಷಾರೋಪ ಪಟ್ಟಿ, ಅದರ ಕೆಳಗೆ ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಜಪ್ತಿ ಪಂಚನಾಮೆ, ಸಾಕ್ಷಿಗಳ ಹೇಳಿಕೆಗಳು, ವೈದ್ಯರ ಸರ್ಟಿಫಿಕೇಟು, ಎಫ್‌ಎಸ್‌ಎಲ್ ವರದಿ. ಇವುಗಳ ನಡುವೆ ಎಲ್ಲೋ ಒಂದು ಕಡೆ ಆರೋಪಿಯ ಸ್ವಇಚ್ಛಾ ಹೇಳಿಕೆ ಇರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದಾಗಲೂ, ಮುಂದೆ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಪರ ನಿಂತಾಗಲೂ ನನ್ನ ಬೆರಳು ಮೊದಲು ಹುಡುಕುತ್ತಿದ್ದದ್ದು ಅದನ್ನೇ. ಕಾನೂನಿನ ಕಣ್ಣಿನಲ್ಲಿ ಆ ಕಡತದಲ್ಲಿ ಅತ್ಯಂತ ಕಡಿಮೆ ಬೆಲೆಯ ಕಾಗದ ಅದು ಎಂದು ಗೊತ್ತಿದ್ದೇ ಹುಡುಕುತ್ತಿದ್ದೆ.

ಯಾಕೆಂದರೆ ಇಡೀ ಕತೆ ಇರುವುದು ಅಲ್ಲಿ ಮಾತ್ರ. ಸಾಕ್ಷಿಗಳು ತುಣುಕು ತುಣುಕಾಗಿ ಮಾತಾಡುತ್ತಾರೆ. ಒಬ್ಬ ಕೂಗು ಕೇಳಿದ, ಇನ್ನೊಬ್ಬ ಓಡುವುದನ್ನು ಕಂಡ, ಮತ್ತೊಬ್ಬ ರಕ್ತ ನೋಡಿದ. ಸ್ವಇಚ್ಛಾ ಹೇಳಿಕೆಯಲ್ಲಾದರೆ ಹುಟ್ಟಿದ ಊರು, ಓದಿದ ಶಾಲೆ, ಮಾಡಿದ ಸಾಲ, ಬೆಳೆದ ದ್ವೇಷ, ಆ ರಾತ್ರಿ ಏನೇನಾಯಿತು ಎಂಬುದೆಲ್ಲ ಅಚ್ಚುಕಟ್ಟಾಗಿ ಬರುತ್ತದೆ. ಕೊನೆಗೆ ಆ ಸಾಲು: ನನ್ನನ್ನು ಕರೆದುಕೊಂಡು ಹೋದರೆ ಚಾಕುವನ್ನು ಬಿಸಾಡಿದ ಜಾಗವನ್ನು ತೋರಿಸಿ ಹಾಜರುಪಡಿಸುತ್ತೇನೆ. ಬಳ್ಳಾರಿ ಕಡೆಯ ಕಡತದಲ್ಲಿ ಓದಿದ ಈ ಸಾಲನ್ನು ಕರಾವಳಿಯ ಕಡತದಲ್ಲೂ ಓದಿದ್ದೇನೆ, ಹಳೇ ಮೈಸೂರಿನದರಲ್ಲೂ ಓದಿದ್ದೇನೆ. ಹೆಬ್ಬೆಟ್ಟು ಒತ್ತುವವನೂ ಅದೇ ಸಾಲು ಹೇಳಿದ್ದಾನೆ, ಪದವೀಧರನೂ ಹೇಳಿದ್ದಾನೆ. ಬಿಹಾರದಿಂದ ಗಾರೆ ಕೆಲಸಕ್ಕೆ ಬಂದು, ಕೋರ್ಟಿನಲ್ಲಿ ದುಭಾಷಿ ಇಲ್ಲದೆ ಸ್ವಂತ ಹೆಸರನ್ನೂ ಸರಿಯಾಗಿ ಹೇಳಲಾಗದೆ ನಿಂತಿದ್ದ ಹುಡುಗನೂ ಠಾಣೆಯಲ್ಲಿ ಎರಡು ಪುಟ ಶುದ್ಧ ಕನ್ನಡದಲ್ಲಿ ಹಾಗೇ ಹೇಳಿದ್ದಾನೆ ಎಂದು ಕಡತ ಹೇಳುತ್ತಿತ್ತು.

ಆ ಸಾಲು ಆರೋಪಿಯ ಬಾಯಿಂದ ಬಂದದ್ದಲ್ಲ, 1872ರ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಿಂದ ಬಂದದ್ದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 25ನೇ ಕಲಮು ಹೇಳಿತು. ಪೊಲೀಸರ ವಶದಲ್ಲಿದ್ದಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರ ಸಮ್ಮುಖವಲ್ಲದಿದ್ದರೆ ಅದೂ ನಡೆಯದು ಎಂದು 26ನೆಯದು ಹೇಳಿತು. 27ನೆಯದು ಸಣ್ಣದೊಂದು ಕಿಂಡಿ ತೆರೆಯಿತು: ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಸಾಕ್ಷ್ಯಕ್ಕೆ ತರಬಹುದು. ಆ 'ಅಷ್ಟು' ಎಂದರೆ ಎಷ್ಟು ಎಂಬುದನ್ನು ಗುಂಟೂರು ಕಡೆಯ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ತೀರಾ ಬಿಗಿಯಾಗಿ ಅಳೆದುಕೊಟ್ಟಿತು. ಚಾಕು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು ಎನ್ನುವುದು ಸಾಕ್ಷ್ಯ. ಅದರಿಂದ ಕೊಂದೆ ಎನ್ನುವುದು ಸಾಕ್ಷ್ಯವಲ್ಲ. ಈ ಕಾನೂನನ್ನು ನಾನು ಕಲಿತಿದ್ದೆ, ಕೋರ್ಟಿನಲ್ಲಿ ನಿಂತು ವಾದಿಸಿದ್ದೆ, ಕಿರಿಯರಿಗೆ ಹೇಳಿಕೊಟ್ಟಿದ್ದೆ. ಆದರೂ ಮೊದಲ ಓದಿನಲ್ಲೇ 'ಕೊಂದೆ' ಎಂಬ ಆ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಡುತ್ತಿತ್ತು.

ನಿವೃತ್ತಿಯ ಬಳಿಕ ನಾನು ನನ್ನನ್ನೇ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ಠಾಣೆಯ ಕೋಣೆಯಲ್ಲಿ ಹುಟ್ಟಿದ ಮಾತನ್ನು ನಂಬಬೇಡ ಎಂದು ಕಾನೂನು ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಯಾಕೆ ನಂಬಿದೆ? ಪೊಲೀಸರ ಅಧಿಕಾರ ಎಂದರೆ ಬಂಧನ, ಶೋಧ, ಜಪ್ತಿ, ಲಾಠಿ ಎಂದು ಪಟ್ಟಿ ಮಾಡುತ್ತೇವೆ. ಇವೆಲ್ಲಕ್ಕೂ ಕಲಮುಗಳಿವೆ, ಮಿತಿಗಳಿವೆ. ಯಾವ ಕಲಮಿನಲ್ಲೂ ಬರೆದಿರದ ಅಧಿಕಾರ ಇನ್ನೊಂದಿದೆ. ಕತೆಯನ್ನು ಎಲ್ಲರಿಗಿಂತ ಮೊದಲು ಹೇಳುವ, ಹೇಳಿದ ಕೂಡಲೇ ನಂಬಿಸುವ ಅಧಿಕಾರ. ಅದನ್ನು ಅವರಿಗೆ ಶಾಸನಸಭೆ ಕೊಟ್ಟಿಲ್ಲ. ನನ್ನಂಥವರು ಕೊಟ್ಟಿದ್ದೇವೆ.

ಕಾನೂನಿಗೆ ಈ ಅಪನಂಬಿಕೆ ಬಂದದ್ದು ಪುಸ್ತಕದಿಂದಲ್ಲ. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆಗಳ ಬಗ್ಗೆ ತನಿಖಾ ಆಯೋಗವೊಂದು ವರದಿ ಕೊಟ್ಟಿತು. ನಮ್ಮ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಆ ಪ್ರಾಂತ್ಯದೊಳಗೇ ಇದ್ದವು. ಕಂದಾಯ ವಸೂಲಿ ಮಾಡುವ ಕೈಯೇ ಪೊಲೀಸ್ ಕೆಲಸವನ್ನೂ ಮಾಡುತ್ತಿದ್ದ ಕಾಲ. ಬೆರಳುಗಳನ್ನು ಮರದ ಪಟ್ಟಿಗಳ ನಡುವೆ ಹಿಚುಕುವುದು, ಮನುಷ್ಯನನ್ನು ಬಗ್ಗಿಸಿ ಕುತ್ತಿಗೆಯನ್ನೂ ಕಾಲನ್ನೂ ಸೇರಿಸಿ ಕಟ್ಟಿ ಬಿಸಿಲಲ್ಲಿ ಬಿಡುವುದು, ಇವೆಲ್ಲ ಆ ವರದಿಯಲ್ಲಿ ದಾಖಲಾದವು. ಕೆಲವೇ ವರ್ಷಗಳಲ್ಲಿ, 1861ರಲ್ಲಿ, ಎರಡು ಕಾಯ್ದೆಗಳು ಬಂದವು. ಒಂದು ಇವತ್ತಿನ ಪೊಲೀಸ್ ವ್ಯವಸ್ಥೆಯ ತಳಪಾಯವಾದ ಪೊಲೀಸ್ ಕಾಯ್ದೆ. ಇನ್ನೊಂದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ. ಪೊಲೀಸರಿಗೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ ಮೊದಲು ಬಂದದ್ದು ಅದರಲ್ಲೇ; ಸಾಕ್ಷ್ಯ ಅಧಿನಿಯಮಕ್ಕೆ ಬಂದದ್ದು ಆಮೇಲೆ. ಪೊಲೀಸರನ್ನು ಹುಟ್ಟುಹಾಕಿದ ವರ್ಷವೇ ಅವರ ಕಿವಿಗೆ ಬಿದ್ದ ತಪ್ಪೊಪ್ಪಿಗೆಗೆ ಬೆಲೆ ಕೊಡಬಾರದೆಂದು ಆ ಸರ್ಕಾರ ತೀರ್ಮಾನಿಸಿತು. ವಸಾಹತು ಸರ್ಕಾರಕ್ಕೆ ನಮ್ಮ ಜನರ ಮೇಲೆ ಅಕ್ಕರೆಯಿತ್ತು ಎಂದು ನಾನು ಹೇಳುತ್ತಿಲ್ಲ. ತನ್ನ ಕೈ ಏನು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತಿತ್ತು, ಅಷ್ಟೆ. ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಇದಕ್ಕೆ ಕಾರಣವನ್ನು ಕ್ರೌರ್ಯದಲ್ಲಿ ಮಾತ್ರ ಹುಡುಕಲಿಲ್ಲ, ಸೋಮಾರಿತನದಲ್ಲೂ ಕಂಡರು: ಬಿಸಿಲಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಲ್ಲಿ ಕೂತು ಒಬ್ಬನ ಕಣ್ಣಿಗೆ ಖಾರ ಹಚ್ಚುವುದು ಸುಲಭ ಎಂದು ಇಲ್ಲಿನ ಅಧಿಕಾರಿಯೊಬ್ಬ ತಮಗೆ ಹೇಳಿದ್ದನ್ನು ಅವರು ಬರೆದಿಟ್ಟಿದ್ದಾರೆ.

ಸ್ವಇಚ್ಛೆಯಿಂದಲೇ ಹೇಳುವವನಿಗೆ ಕಾನೂನು ದಾರಿ ಮುಚ್ಚಿಲ್ಲ. ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಕರೆದುಕೊಂಡು ಹೋಗಬಹುದು. ಹಿಂದೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 164ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 183. ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ಅದನ್ನು ನಿನ್ನ ವಿರುದ್ಧ ಬಳಸಬಹುದು ಎಂದು ಮ್ಯಾಜಿಸ್ಟ್ರೇಟರು ಮೊದಲೇ ತಿಳಿಸಬೇಕು. ಯೋಚಿಸಲು ಸಮಯ ಕೊಡಬೇಕು. ಪೊಲೀಸರನ್ನು ಹೊರಗೆ ಕಳಿಸಬೇಕು. ನನ್ನ ಕೈದಾಟಿದ ಕಡತಗಳಲ್ಲಿ ಸ್ವಇಚ್ಛಾ ಹೇಳಿಕೆ ಇಲ್ಲದ್ದು ಅಪರೂಪ. ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆ ಇದ್ದದ್ದು ಅದಕ್ಕಿಂತ ಅಪರೂಪ. ಠಾಣೆಯಲ್ಲಿ ಎರಡು ಪುಟ ಮಾತಾಡಿದ ಅದೇ ಮನುಷ್ಯ ಫರ್ಲಾಂಗು ದೂರದ ಕೋರ್ಟಿಗೆ ಬಂದರೆ ಮೂಕನಾಗುತ್ತಿದ್ದ. ಈ ಎರಡು ಸಂಗತಿಗಳು ಪಕ್ಕಪಕ್ಕದಲ್ಲೇ ಇದ್ದವು. ಅವನ್ನು ಜೋಡಿಸಿ ನೋಡಲು ವಿಶೇಷ ಬುದ್ಧಿ ಬೇಕಿರಲಿಲ್ಲ. ನಾನು ನೋಡುವ ಗೋಜಿಗೆ ಹೋಗಲಿಲ್ಲ.

2022ರ ಏಪ್ರಿಲ್‌ನಲ್ಲಿ ಕರ್ನಾಟಕದ್ದೇ ಒಂದು ಹಳೆಯ ಕೊಲೆ ಪ್ರಕರಣದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಖಾರವಾಗಿ ಬರೆಯಿತು. ಪತ್ತೆಗೆ ಸಂಬಂಧಿಸಿದಷ್ಟನ್ನು ಬಿಟ್ಟು ಇಡೀ ಹೇಳಿಕೆಯನ್ನೇ ದಾಖಲೆಗೆ ಸೇರಿಸುವ ಅಭ್ಯಾಸ ಅಭಿಯೋಜನೆಯ ಕಡೆಯಿಂದ ಮತ್ತೆ ಮತ್ತೆ ಕಾಣುತ್ತಿದೆ, ಇದು ನ್ಯಾಯಾಧೀಶರ ಮನಸ್ಸನ್ನು ಬಾಗಿಸುತ್ತದೆ, ಕೂಡಲೇ ನಿಲ್ಲಬೇಕು ಎಂಬುದು ಅದರ ತಾತ್ಪರ್ಯ. ಆ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ ಹೇಳಿಕೆಗಳನ್ನು ಪೂರ್ತಿ ಎತ್ತಿ ಬರೆದುಕೊಂಡಿತ್ತು, ನೆಚ್ಚಿಕೊಂಡೂ ಇತ್ತು. ಸಾಲದ್ದಕ್ಕೆ ಆರೋಪಿಗಳು ಪೊಲೀಸರ ಮುಂದೆ ಒಪ್ಪಿಕೊಳ್ಳುವ ದೃಶ್ಯ ಖಾಸಗಿ ವಾಹಿನಿಯಲ್ಲಿ ಪ್ರಸಾರವಾಗಿತ್ತು. ತೀರ್ಪು ಓದುವಾಗ ನನಗೆ ನೆನಪಾದದ್ದು ನನ್ನದೇ ಧ್ವನಿ. ತನಿಖಾಧಿಕಾರಿ ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದಾರೆ. ನಾನು ಹೇಳಿಕೆಯನ್ನು ತೋರಿಸಿ, ಇದು ಆರೋಪಿ ಕೊಟ್ಟ ಹೇಳಿಕೆಯೇ ಎಂದು ಕೇಳುತ್ತೇನೆ. ಹೌದು ಎನ್ನುತ್ತಾರೆ. ಇಡೀ ಹಾಳೆಗೆ ನಿಶಾನೆ ಬೀಳುತ್ತದೆ. ಆರೋಪಿ ಪರ ವಕೀಲರು ಎದ್ದು ಆಕ್ಷೇಪಿಸಿದರೆ, ಪತ್ತೆಗೆ ಸಂಬಂಧಿಸಿದ ಭಾಗ ಮಾತ್ರ ಎಂದು ಬ್ರಾಕೆಟ್ ಹಾಕುತ್ತಿದ್ದರು. ಕಾನೂನು ನೆರವಿನ ಹೊಸ ವಕೀಲರಾಗಿದ್ದರೆ ಅದೂ ಇರುತ್ತಿರಲಿಲ್ಲ. ಬ್ರಾಕೆಟ್ ಬಿದ್ದರೂ ಉಳಿದ ಪುಟ ಅಲ್ಲೇ ಇರುತ್ತಿತ್ತು. ಅದು ಅಲ್ಲಿರಲಿ ಎಂದು ನಾನು ಬಯಸುತ್ತಿದ್ದೆ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಬಯಸುತ್ತಿದ್ದದ್ದು ನಿಜ. ನ್ಯಾಯಾಧೀಶರ ಕಣ್ಣು ಒಮ್ಮೆ ಅದರ ಮೇಲೆ ಹಾದುಹೋಗಲಿ, ಆಮೇಲೆ ಬೇಕಾದರೆ ಅಸ್ವೀಕಾರಾರ್ಹ ಎನ್ನಲಿ.

ನನ್ನ ಪರವಾಗಿ ಹೇಳಿಕೊಳ್ಳಬಹುದಾದದ್ದು ಒಂದಿದೆ. ಅದನ್ನು ನೆಪವೆಂದು ತಳ್ಳಿಹಾಕಲಾರೆ. ಆ ಹೇಳಿಕೆಗಳಲ್ಲಿ ಹೆಚ್ಚಿನವು ನಿಜ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಚಾಕು ಸಿಗುತ್ತಿತ್ತು, ಚಿನ್ನ ಅಡವಿಟ್ಟ ಅಂಗಡಿ ಸಿಗುತ್ತಿತ್ತು. ಎದುರಿಗೆ ಮಗಳನ್ನು ಕಳೆದುಕೊಂಡ ತಾಯಿ ಕೂತಿರುತ್ತಿದ್ದಳು. ಮಹಜರಿಗೆ ರುಜು ಹಾಕಿದ ಪಂಚರು, ಪೊಲೀಸರು ಹೇಳಿದ ಕಡೆ ಸಹಿ ಮಾಡಿದೆವು ಎಂದು ಸಲೀಸಾಗಿ ಪ್ರತಿಕೂಲರಾಗುತ್ತಿದ್ದರು. ಕಣ್ಣಾರೆ ಕಂಡವರು ರಾಜಿಯಾಗಿ ಬರುತ್ತಿದ್ದರು. ಕೇಸು ಕೈಯಲ್ಲಿ ಕರಗುವಾಗ, ಏನು ನಡೆಯಿತು ಎಂದು ಪೂರ್ತಿ ಹೇಳುವ ಆ ಎರಡು ಹಾಳೆ ಮಾತ್ರ ಗಟ್ಟಿಯಾಗಿ ಉಳಿದಿರುತ್ತಿತ್ತು. ಸತ್ಯ ಇಲ್ಲಿದೆ, ಕಾನೂನು ಅದನ್ನು ಮುಟ್ಟಬೇಡ ಎನ್ನುತ್ತಿದೆ ಎಂಬ ಸಂಕಟ ಸುಳ್ಳಾಗಿರಲಿಲ್ಲ.

ಆದರೆ ಈ ಸಮರ್ಥನೆ ನನ್ನ ವೃತ್ತಿಯೊಳಗೆ ಮಾತ್ರ ನಿಲ್ಲುತ್ತದೆ. ನನ್ನ ಮನೆಯಲ್ಲಿ ನಡೆದದ್ದಕ್ಕೆ ಅದು ಉತ್ತರ ಕೊಡುವುದಿಲ್ಲ.

ಮನೆಗೆ ಸುಣ್ಣಬಣ್ಣ ಮಾಡಿಸಿದ ವರ್ಷ ಹೆಂಡತಿಯ ಎರಡೆಳೆ ಸರ, ಅವಳ ತಾಯಿ ಕೊಟ್ಟದ್ದು, ಕಾಣೆಯಾಯಿತು. ದೂರು ಕೊಟ್ಟೆ. ನಾನು ಯಾರೆಂದು ಗೊತ್ತಿದ್ದ ಸಬ್ ಇನ್‌ಸ್ಪೆಕ್ಟರು ಮನೆಗೇ ಬಂದು, ಕಾಫಿ ಕುಡಿದು, ಒಳಗೆ ಯಾರು ಯಾರು ಓಡಾಡುತ್ತಿದ್ದರು ಎಂದು ಕೇಳಿದರು. ಬಣ್ಣದ ಕೆಲಸಕ್ಕೆ ಮೇಸ್ತ್ರಿಯ ಜೊತೆ ಒಬ್ಬ ಹುಡುಗ ಬರುತ್ತಿದ್ದ. ಇಪ್ಪತ್ತು ಇಪ್ಪತ್ತೊಂದಿರಬಹುದು, ಮಾತು ಕಡಿಮೆ, ಊಟದ ಹೊತ್ತಿಗೆ ಹಿತ್ತಲಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಅವನ ಹೆಸರು ಹೇಳಿದಾಗ ಅವರು ನನ್ನ ಮುಖ ನೋಡಿ, ಕರೆಸಿ ಒಂದ್ಸಲ ವಿಚಾರಿಸ್ಲಾ ಸರ್ ಎಂದರು. 'ಒಂದ್ಸಲ'ದ ಮೇಲೆ ಸ್ವಲ್ಪ ಒತ್ತು ಇತ್ತು. ನಾನು, ಕಾನೂನು ಪ್ರಕಾರ ಏನಿದೆಯೋ ಮಾಡಿ ಎಂದೆ. ಬಾಯಿಂದ ಬಂದದ್ದು ಅಷ್ಟೆ. ಆ ಮಾತಿನಲ್ಲಿ ಯಾರೂ ತಪ್ಪು ಹುಡುಕಲಾರರು. ಆದರೆ ಅವರು ಬಾಗಿಲು ದಾಟಿ ಹೋಗುವಾಗ ನನ್ನೊಳಗೆ ಇದ್ದದ್ದು ಬೇರೆ. ಇವರು ನನ್ನ ಮಾತನ್ನು ಅಕ್ಷರಶಃ ತೆಗೆದುಕೊಳ್ಳದಿರಲಿ ಎಂಬ ಆಸೆ ಇತ್ತು. ಆ ಹುಡುಗ ಸಂಜೆಯೊಳಗೆ ಬಾಯಿ ಬಿಡಲಿ, ಹೇಗೆ ಬಿಟ್ಟ ಎಂಬುದು ನನಗೆ ಗೊತ್ತಾಗದಿರಲಿ.

ಅವನನ್ನು ಕರೆಸಿದರು, ರಾತ್ರಿ ಬಿಟ್ಟರು. ಒಳಗೆ ಏನಾಯಿತೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸರ ಸಿಗಲಿಲ್ಲ. ಯಾರು ತೆಗೆದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಆ ಹುಡುಗ ಈಗ ತಾನೇ ಮೇಸ್ತ್ರಿಯಾಗಿದ್ದಾನೆ, ನಮ್ಮ ಬಡಾವಣೆಯಲ್ಲೇ ಕೆಲಸ ಹಿಡಿಯುತ್ತಾನೆ, ಎದುರಾದರೆ ನಮಸ್ಕಾರ ಹೇಳುತ್ತಾನೆ. ಅವನು ದಾಟಿಹೋದ ಮೇಲೆ ನನ್ನ ಮನಸ್ಸು ಈಗಲೂ ಒಂದು ಕ್ಷಣ, ಇವನೇ ಇರಬಹುದು ಎನ್ನುತ್ತದೆ. ನಿರ್ದೋಷಿ ಎಂಬ ಪೂರ್ವಭಾವನೆಯ ಬಗ್ಗೆ ನಾನು ಎಷ್ಟು ಸಲ ಮಾತಾಡಿದ್ದೇನೋ! ಅದು ನನ್ನ ಮನೆಯ ಅಂಗಳದವರೆಗೂ ಬಂದಿಲ್ಲ. ಒಬ್ಬ ಸಬ್ ಇನ್‌ಸ್ಪೆಕ್ಟರು ಅವನನ್ನು ಒಮ್ಮೆ ಠಾಣೆಯ ಮೆಟ್ಟಿಲು ಹತ್ತಿಸಿದ್ದೇ ನನ್ನ ಮನಸ್ಸಿಗೆ ಸಾಕ್ಷ್ಯವಾಗಿ ಉಳಿದುಬಿಟ್ಟಿದೆ. ಹುಡುಗನ ಹೆಸರು ಹೇಳಿದ್ದು ನಾನೇ ಎಂಬುದನ್ನು ಆ ಮನಸ್ಸು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪೊಲೀಸರ ಬಗ್ಗೆ ಬರೆಯುವಾಗ ಅವರನ್ನು ಮಾತ್ರ ಕಟಕಟೆಗೆ ಹತ್ತಿಸುವುದು ನನಗೆ ಆಗದಿರುವುದು ಇದಕ್ಕೇ. ತನಿಖೆಯ ಅಧಿಕಾರ ಪೂರ್ತಿ ಅವರದ್ದು ಎಂಬುದು ದಿಟ. 1944ರ ಖ್ವಾಜಾ ನಜೀರ್ ಅಹಮದ್ ಪ್ರಕರಣದಿಂದ ಇಂದಿನವರೆಗೂ ಅದೇ ಕಾನೂನು: ತನಿಖೆ ಪೊಲೀಸರ ಕೆಲಸ, ತೀರ್ಪು ಕೋರ್ಟಿನ ಕೆಲಸ, ಒಬ್ಬರು ಇನ್ನೊಬ್ಬರ ಅಂಗಳಕ್ಕೆ ಕಾಲಿಡಬಾರದು. ಅಭಿಯೋಜಕನಿಗೆ ತನಿಖೆಯಲ್ಲಿ ಕೈಹಾಕುವ ಹಕ್ಕಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಒಳ್ಳೆಯದಕ್ಕೇ. ಪೊಲೀಸರಿಂದ ನಮ್ಮನ್ನು ಬೇರ್ಪಡಿಸಿದ್ದು ನಾವು ಅವರ ಬಾಲವಾಗಬಾರದೆಂದು. ಆದರೆ ಆ ಗೋಡೆಯನ್ನು ನಾನು ನನಗೆ ಬೇಕಾದ ಹಾಗೆ ಬಳಸಿಕೊಂಡೆ. ಹೇಳಿಕೆ ಹೇಗೆ ಬಂತು ಎಂದು ಕೇಳುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಮ್ಯಾಜಿಸ್ಟ್ರೇಟರು ರಿಮ್ಯಾಂಡಿನಲ್ಲಿ ಕೇಳಿರುತ್ತಾರೆ ಎಂದುಕೊಂಡೆ. ಕೇಳಿಯೂ ಇರುತ್ತಿದ್ದರು: ಪೊಲೀಸರು ಹೊಡೆದರಾ? ಪಕ್ಕದಲ್ಲೇ ಎಸ್ಕಾರ್ಟ್ ಕಾನ್‌ಸ್ಟೆಬಲ್ ನಿಂತಿರುವಾಗ, ಮತ್ತೆ ಅದೇ ಜೀಪಿನಲ್ಲಿ ಹೋಗಬೇಕಾದವನು ಏನು ಹೇಳಿಯಾನು? ಇಲ್ಲ ಸ್ವಾಮಿ.

ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬುದು ಸಂವಿಧಾನದ 22ನೇ ವಿಧಿಯ ಮಾತು. ಬಂಧಿಸುವವರ ಹೆಸರಿನ ಬಿಲ್ಲೆ ಕಾಣಬೇಕು, ಬಂಧನದ ಮೆಮೊಗೆ ಸಾಕ್ಷಿಯ ರುಜು ಬೇಕು, ಮನೆಯವರಿಗೆ ತಿಳಿಸಬೇಕು, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು ಎಂಬುದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ. ಇವುಗಳ ಕಾಗದಗಳು ನನ್ನ ಕಡತಗಳಲ್ಲಿ ಸರಿಯಾಗಿಯೇ ಇರುತ್ತಿದ್ದವು. ಕಾಗದ ಸರಿಯಿದೆ ಎಂದರೆ ನಾನು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಬಂಧನದ ದಿನಾಂಕಕ್ಕೂ, ಅವನನ್ನು ಎರಡು ದಿನ ಮೊದಲೇ ಕರೆದುಕೊಂಡು ಹೋಗಿದ್ದರು ಎಂದು ಅವನ ತಾಯಿ ಕೋರ್ಟಿನ ವರಾಂಡದಲ್ಲಿ ಅಳುತ್ತಾ ಹೇಳಿದ ಮಾತಿಗೂ ಇದ್ದ ಅಂತರ ಯಾವ ಮೆಮೊದಲ್ಲೂ ಇರುತ್ತಿರಲಿಲ್ಲ.

ತನಿಖಾಧಿಕಾರಿಗಳು ನನ್ನ ಕೋಣೆಗೆ ಬರುತ್ತಿದ್ದ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಗಣಪತಿ ಮೆರವಣಿಗೆಯ ಬಂದೋಬಸ್ತು ಮುಗಿಸಿ ರಾತ್ರಿ ಮೂರಕ್ಕೆ ಮಲಗಿ, ಬೆಳಿಗ್ಗೆ ಮಂತ್ರಿಗಳ ದಾರಿಗೆ ನಿಂತು, ಅಲ್ಲಿಂದ ನೇರ ಕೋರ್ಟಿಗೆ ಬಂದ ಮನುಷ್ಯ ಅವರು. ಸಮವಸ್ತ್ರದ ಬೆನ್ನಿನಲ್ಲಿ ಬೆವರು ಉಪ್ಪಾಗಿರುತ್ತಿತ್ತು. ಅವರ ಮೇಜಿನ ಮೇಲೆ ಅಂಥ ಹತ್ತಾರು ಕಡತ. ಆರೋಪಿ ಜಾಮೀನಿನ ಹಕ್ಕು ಪಡೆಯುವ ಮೊದಲು 60 ಅಥವಾ 90 ದಿನದಲ್ಲಿ ದೋಷಾರೋಪ ಪಟ್ಟಿ ಹಾಕಬೇಕು. ಪ್ರಯೋಗಾಲಯದ ವರದಿ ಆ ಹೊತ್ತಿಗೆ ಬರುವುದಿಲ್ಲ. ಕಾನೂನು ಸುವ್ಯವಸ್ಥೆ ನೋಡುವವರನ್ನೂ ತನಿಖೆ ಮಾಡುವವರನ್ನೂ ಬೇರೆ ಮಾಡಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ನಾನು ಕಂಡ ಸಣ್ಣ ಊರಿನ ಠಾಣೆಗಳಲ್ಲಿ ಎರಡನ್ನೂ ಹೊತ್ತಿದ್ದದ್ದು ಒಂದೇ ಹೆಗಲು. ಸ್ಟೀಫನ್ ಹೇಳಿದ ನೆರಳಲ್ಲಿ ಕೂತ ಸೋಮಾರಿ ಇವರಲ್ಲ. ಬಿಸಿಲಲ್ಲಿ ಅಲೆಯಲು ಇವರಿಗೆ ಸಮಯವನ್ನೇ ನಾವು ಕೊಟ್ಟಿಲ್ಲ. ಇಂಥ ಮನುಷ್ಯನಿಗೆ ಒಂದು ಸಂಜೆಯಲ್ಲಿ ಮುಗಿಯುವ ಹೇಳಿಕೆ ಎಷ್ಟು ದೊಡ್ಡ ಆಸರೆಯಾಗಿ ಕಂಡಿರಬೇಕು! ಆದರೆ ಆ ಸಂಜೆಯ ಬೆಲೆ ತೆತ್ತವನು ಇನ್ನೊಬ್ಬ. ಅವರ ಆಯಾಸ ನನಗೆ ಕಾಣುತ್ತಿತ್ತು, ಅವನ ಅಂಗಾಲು ಕಾಣುತ್ತಿರಲಿಲ್ಲ.

ಹೇಳಿಕೆ ಸಿಕ್ಕ ಮೇಲೆ ಹುಡುಕಾಟ ನಿಲ್ಲುತ್ತದೆ. ನಿಜವಾದ ಹೇಳಿಕೆಯೂ ಮಾಡುವ ಹಾನಿ ಇದು, ಇದನ್ನು ನಾನು ತಡವಾಗಿ ಕಂಡುಕೊಂಡೆ. ಕತೆ ಗೊತ್ತಾಯಿತಲ್ಲ, ಇನ್ನು ಅದಕ್ಕೆ ಹೊಂದುವ ಸಾಕ್ಷಿಗಳನ್ನು ಜೋಡಿಸಿದರಾಯಿತು. ಬೇರೆ ಯಾರಾದರೂ ಇರಬಹುದೇ ಎಂಬ ಪ್ರಶ್ನೆ ಅಲ್ಲಿಗೆ ಸತ್ತುಹೋಗುತ್ತದೆ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೂರನೇ ವರದಿಯಲ್ಲಿ, ದೇಶದಲ್ಲಿ ನಡೆಯುವ ಬಂಧನಗಳಲ್ಲಿ ಶೇ 60ರಷ್ಟು ಅನಗತ್ಯ ಅಥವಾ ಸಮರ್ಥಿಸಲಾಗದವು ಎಂದಿತ್ತು. ಆ ಅಂಕಿಯನ್ನು ಓದಿದಾಗ ನಾನು ಬಂಧನದ ಬಗ್ಗೆ ಮಾತ್ರ ಯೋಚಿಸಿದ್ದೆ. ಮೊದಲು ಮನುಷ್ಯನನ್ನು ಹಿಡಿದು ಆಮೇಲೆ ಪುರಾವೆ ಹುಡುಕುವ ಕ್ರಮ ಅದರ ಹಿಂದಿದೆ ಎಂದು ಹೊಳೆಯಲಿಲ್ಲ.

2025ರ ಏಪ್ರಿಲ್‌ನಲ್ಲಿ ಕೊಡಗಿನ ಸುದ್ದಿ ಬಂತು. ಕುಶಾಲನಗರದ ಸಮೀಪದ ಹಾಡಿಯೊಂದರ ಬುಡಕಟ್ಟು ಸಮುದಾಯದ ಕೂಲಿಯಾಳು. ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನು ಅವನೇ. ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಹೆಂಗಸಿನ ಅಸ್ಥಿಪಂಜರವೊಂದು ಸಿಕ್ಕಿತ್ತು. ಅದು ಅವಳದೇ ಎಂದಾಯಿತು, ಕೊಂದವನು ಇವನೇ ಎಂದಾಯಿತು. ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಎಲುಬಿನ ಡಿಎನ್‌ಎ ಅವಳ ತಾಯಿಯ ರಕ್ತದೊಂದಿಗೆ ಹೊಂದುವುದಿಲ್ಲ ಎಂಬ ವರದಿ ಬಂದ ಮೇಲೂ ಕೇಸು ನಿಲ್ಲಲಿಲ್ಲ. ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಗೃಹ ಇಲಾಖೆಗೆ ಹೇಳಿತು. ಅಸ್ಥಿಪಂಜರ ಯಾರದ್ದು ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದೂ ಯಾರದೋ ಮಗಳು.

ಸುದ್ದಿ ಓದಿದವರೆಲ್ಲ ಪೊಲೀಸರನ್ನು ಬೈದರು. ನಾನು ಪತ್ರಿಕೆ ಮಡಿಸಿಟ್ಟು ಬೇರೆಯದನ್ನು ಯೋಚಿಸಿದೆ. ಆ ಕಡತ ನನ್ನ ಮೇಜಿಗೆ ಬಂದಿದ್ದರೆ? ಗಂಡ, ಹೆಂಡತಿ, ಕಾಣೆಯಾದಳು, ಎಲುಬು ಸಿಕ್ಕಿತು. ಕತೆ ನನ್ನ ಮನಸ್ಸಿನಲ್ಲಿ ತಾನಾಗಿಯೇ ಪೂರ್ತಿಯಾಗುತ್ತಿತ್ತು. ಡಿಎನ್‌ಎ ವರದಿಯನ್ನು ಏನು ಮಾಡುತ್ತಿದ್ದೆ? ನನಗೆ ಗೊತ್ತು. ತಜ್ಞರ ವರದಿ ಅಭಿಪ್ರಾಯ ಮಾತ್ರ, ಸಾಂದರ್ಭಿಕ ಸಾಕ್ಷ್ಯದ ಇಡೀ ಸರಪಣಿಯನ್ನು ನೋಡಬೇಕು ಎಂದು ವಾದಿಸಲು ಬೇಕಾದ ತೀರ್ಪುಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. ಬಹುಶಃ ಚೆನ್ನಾಗಿಯೇ ವಾದಿಸುತ್ತಿದ್ದೆ. ಅವನ ಕೇಸನ್ನು ಮುಗಿಸಿದ್ದು ಯಾವ ವಕೀಲರ ಪಾಟೀಸವಾಲೂ ಅಲ್ಲ, ಸತ್ತಿದ್ದಾಳೆ ಎನ್ನಲಾದವಳೇ ನಡೆದು ಬಂದದ್ದು. ಅವಳು ಬರದಿದ್ದರೆ ಅವನಿಗೆ ಶಿಕ್ಷೆಯಾಗುತ್ತಿತ್ತೋ ಇಲ್ಲವೋ ಹೇಳಲಾರೆ. ನನ್ನ ಕಣ್ಣಿನಲ್ಲಂತೂ ಅವನು ಕೊಲೆಗಾರನಾಗಿಯೇ ಉಳಿಯುತ್ತಿದ್ದ. ಸಾಕ್ಷ್ಯ ಸಾಲದೆ ಬಿಡುಗಡೆಯಾಗಿದ್ದರೂ, ತಪ್ಪಿಸಿಕೊಂಡ ಎಂದೇ ಅಂದುಕೊಳ್ಳುತ್ತಿದ್ದೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಕಾನೂನು ತಾನೇ ಹಾಕಿಕೊಂಡ ಬೇಲಿಯನ್ನು ಕೆಲವು ಕಡೆ ತಾನೇ ಕಿತ್ತುಹಾಕಿದೆ. 1987ರ ಟಾಡಾ ಕಾಯ್ದೆ, ಎಸ್‌ಪಿ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತು. ಅದು 1995ರಲ್ಲಿ ಕೊನೆಯಾಯಿತು. ನಮ್ಮ ರಾಜ್ಯದ ಕೋಕಾ, ಅಂದರೆ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯ 19ನೇ ಕಲಮು, ಅದನ್ನೇ ಹೇಳುತ್ತದೆ, ಈಗಲೂ ಜಾರಿಯಲ್ಲಿದೆ. ಮಂಪರು ಪರೀಕ್ಷೆ ಬಂದಾಗ ಬೆಂಗಳೂರಿನ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರುವಾಸಿಯಾಗಿತ್ತು. ಹೊಡೆಯದೆ ಬಾಯಿ ಬಿಡಿಸುವ ವಿಜ್ಞಾನ ಸಿಕ್ಕಿತು ಎಂದು ನಾವು ಕೆಲವರು ಸಂತೋಷಪಟ್ಟೆವು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಈ ಪರೀಕ್ಷೆ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಮನುಷ್ಯನ ಮನಸ್ಸಿನೊಳಗೆ ನುಗ್ಗುವ ಹಕ್ಕು ಪ್ರಭುತ್ವಕ್ಕಿಲ್ಲ ಎಂಬ ಆ ತೀರ್ಪನ್ನು ಆಗ ಅಭಿಯೋಜನೆಗೆ ಬಿದ್ದ ಪೆಟ್ಟೆಂದು ಓದಿದ್ದೆ. ಈಗ ಹಾಗೆ ಓದುವುದಿಲ್ಲ.

2024ರ ಜುಲೈ 1ರಿಂದ ಹೊಸ ಕಾನೂನುಗಳಿವೆ. ಹಳೆಯ 25, 26, 27 ಸೇರಿ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಾಗಿದೆ. ತಡೆ ಹಾಗೇ ಇದೆ, ಕಿಂಡಿಯೂ ಹಾಗೇ ಇದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದು ಕಡ್ಡಾಯವಾಗಿದೆ. ಇದು ನಿಜವಾದ ಸುಧಾರಣೆ. ಚಾಕು ತೆಗೆಯುವ ಹೊತ್ತಿಗಾದರೂ ಒಂದು ಕಣ್ಣು ಇರುತ್ತದೆ. ಇನ್ನೊಂದು ಬದಲಾವಣೆ ನನಗೆ ಹಿಡಿಸಿಲ್ಲ. ಮೊದಲು ಪೊಲೀಸ್ ಕಸ್ಟಡಿ ಎಂದರೆ ರಿಮ್ಯಾಂಡಿನ ಮೊದಲ 15 ದಿನದೊಳಗೆ ಮಾತ್ರ. ಈಗ ಒಟ್ಟು 15 ದಿನವೇ ಆದರೂ, ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ತುಂಡುತುಂಡಾಗಿ ಕೇಳಬಹುದು. ಮತ್ತೆ ಠಾಣೆಗೆ ಬರಬೇಕಾದೀತು ಎಂಬ ಭಯದಲ್ಲಿ ಜೈಲಿನಲ್ಲಿ ಕೂತವನ ದಿನಗಳನ್ನು ಕಾನೂನು ಮಾಡಿದವರು ಎಣಿಸಲಿಲ್ಲ ಎನಿಸುತ್ತದೆ.

ಹೊಸ ಕಾನೂನುಗಳ ಬಗ್ಗೆ ಮಾತಾಡಲು ನನ್ನನ್ನು ಒಮ್ಮೆ ಪೊಲೀಸರ ತರಬೇತಿಗೆ ಕರೆದಿದ್ದರು. 23ನೇ ಕಲಮು ವಿವರಿಸಿ, ಪತ್ತೆಗೆ ಬೇಕಾದ ಎರಡು ಸಾಲು ಮಾತ್ರ ದಾಖಲಿಸಿ, ಉಳಿದ ಕತೆ ಬರೆಯಬೇಡಿ, ದೋಷಾರೋಪ ಪಟ್ಟಿಯ ಜೊತೆ ನ್ಯಾಯಾಧೀಶರಿಗೆ ಕಳಿಸಲೇಬೇಡಿ ಎಂದೆ. ಹೊಸದಾಗಿ ಸೇರಿದ ಪಿಎಸ್‌ಐ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. ಬರೆಯದೆ ಬಿಡಬಹುದು ಸರ್, ಆದರೆ ಆರೋಪಿ ಸಿಕ್ಕಿದ ದಿನವೇ ಸಂಜೆ ಪ್ರೆಸ್‌ಮೀಟ್ ಇರುತ್ತೆ, ಯಾಕೆ ಮಾಡಿದ, ಹೇಗೆ ಮಾಡಿದ ಅಂತ ಎಲ್ಲರೂ ಕೇಳ್ತಾರೆ, ಒಪ್ಪಿಕೊಂಡನಾ ಅಂತ ಕೇಳ್ತಾರೆ, ತನಿಖೆ ನಡೀತಿದೆ ಅಂದರೆ ಏನೂ ಕೆಲಸ ಆಗಿಲ್ಲ ಅಂದುಕೊಳ್ತಾರೆ, ಅವರಿಗೆ ಏನು ಹೇಳಲಿ?

ತನಿಖೆ ನಡೆಯುತ್ತಿದೆ ಎಂದೇ ಹೇಳಿ ಎಂದೆ. ಕೂತಿದ್ದವರಲ್ಲಿ ಯಾರಿಗೂ ಆ ಉತ್ತರ ಸಾಕಾದಂತೆ ಕಾಣಲಿಲ್ಲ. ನನಗೂ ಸಾಲಲಿಲ್ಲ. ಆ ಸಂಜೆಯ ಪ್ರೆಸ್‌ಮೀಟಿನ ವರದಿಯನ್ನು ಮಾರನೆಯ ಬೆಳಿಗ್ಗೆ ಪತ್ರಿಕೆಯಲ್ಲಿ ಹುಡುಕಿ ಓದುವವರಲ್ಲಿ ನಾನೂ ಒಬ್ಬ. ಈಗಲೂ ಓದುತ್ತೇನೆ, ಮೊದಲು ಕಣ್ಣು ಹೋಗುವುದು ತಪ್ಪೊಪ್ಪಿಕೊಂಡಿದ್ದಾನೆ ಎಂಬ ಸಾಲಿಗೇ. ಆ ಸಾಲಿನ ಮುಂದೆ ಯಾರಿಗೆ, ಎಲ್ಲಿ, ಎಷ್ಟು ಹೊತ್ತಿನ ಮೇಲೆ ಎಂದು ಕೇಳುವುದನ್ನು ಈ ವಯಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಕೆಲವು ದಿನ ನೆನಪಾಗುತ್ತದೆ, ಕೆಲವು ದಿನ ಪುಟ ತಿರುವಿದ ಮೇಲೆ ನೆನಪಾಗುತ್ತದೆ.